15 ವರ್ಷ ದಾಟಿದ ಅಗ್ನಿಶಾಮಕ ವಾಹನವನ್ನು ಸೇವೆಯಿಂದ ಇಳಿಸಬೇಕೇ?

2023ರ ಏಪ್ರಿಲ್ 1ರಿಂದ, 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ಊರ್ಜಿತದಲ್ಲಿರುವುದಿಲ್ಲ. ಕೇಂದ್ರದ ಈ ನಿಯಮ ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಕೊಟ್ಟಿದೆ. ಅಗ್ನಿಶಾಮಕ ವಾಹನ ಎಂಬ ಮಾತು ಆ ವಿನಾಯಿತಿಯಲ್ಲಿಲ್ಲ. ಹಾಗಾದರೆ ತಾಲ್ಲೂಕು ಅಗ್ನಿಶಾಮಕ ಠಾಣೆಯ ಹಳೇ ಜಲವಾಹನವನ್ನು, ಅಂದರೆ ನೀರಿನ ಟ್ಯಾಂಕು ಹೊತ್ತ ಗಾಡಿಯನ್ನು, ಏನು ಮಾಡಬೇಕು?

ಪರ: ಇಳಿಸಲೇಬೇಕು

ಅಗ್ನಿಶಾಮಕ ವಾಹನದ ಸವಕಳಿಯನ್ನು ಮೀಟರಿನ ಕಿಲೋಮೀಟರ್ ನೋಡಿ ಅಳೆದರೆ ಲೆಕ್ಕ ತಪ್ಪುತ್ತದೆ. ಬೆಂಕಿಯ ಜಾಗದಲ್ಲಿ ಗಾಡಿ ನಿಂತೇ ಇರುತ್ತದೆ, ಎಂಜಿನ್ ಮಾತ್ರ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಪಂಪಿಗೆ ದಾಟಿಸುವ ಜೋಡಣೆ) ಮೂಲಕ ಪಂಪನ್ನು ಗಂಟೆಗಟ್ಟಲೆ ತಿರುಗಿಸುತ್ತಿರುತ್ತದೆ. ಆಗ ಮೀಟರ್ ಒಂದು ಅಂಕಿಯೂ ಮುಂದೆ ಹೋಗುವುದಿಲ್ಲ. ಕರೆ ಬಂದಾಗ ಎಂಜಿನ್ ಬಿಸಿಯಾಗುವ ತನಕ ಕಾಯಲು ಪುರುಸೊತ್ತಿಲ್ಲ, ತಣ್ಣಗಿರುವಾಗಲೇ ಪೂರ್ತಿ ಆಕ್ಸಿಲರೇಟರ್ ಒತ್ತಬೇಕು.

ಭಾರದ್ದು ಇನ್ನೊಂದು ಕಥೆ. ಸಾಮಾನ್ಯ ಜಲವಾಹನದ ಟ್ಯಾಂಕು 4,500 ಲೀಟರಿನದು, ಅಂದರೆ ನಾಲ್ಕೂವರೆ ಟನ್ ನೀರು. ಸರಕಿನ ಲಾರಿ ಲೋಡ್ ಇಳಿಸಿ ಖಾಲಿ ನಿಲ್ಲುತ್ತದೆ. ಅಗ್ನಿಶಾಮಕ ವಾಹನಕ್ಕೆ ಆ ಬಿಡುವಿಲ್ಲ. ಹಗಲಿರುಳು, ವರ್ಷವಿಡೀ ಪಟ್ಟಿ ಸ್ಪ್ರಿಂಗುಗಳ ಮೇಲೆ ಅದೇ ಭಾರ. 15 ವರ್ಷಕ್ಕೆ ಸ್ಪ್ರಿಂಗು ಕುಗ್ಗಿ, ಟ್ಯಾಂಕು ಮತ್ತು ಪಂಪು ಕೂರಿಸಿದ ಜಾಗದ ಹತ್ತಿರ ಛಾಸಿ ಹಳಿಯಲ್ಲಿ, ಅಂದರೆ ಗಾಡಿಯ ಭಾರ ಹೊರುವ ಉದ್ದನೆಯ ಉಕ್ಕಿನ ತೊಲೆಯಲ್ಲಿ, ಬಿರುಕು ಕಾಣಿಸಿಕೊಳ್ಳುತ್ತದೆ. ಬಣ್ಣದ ಕೆಳಗಿರುವ ಬಿರುಕು ತೊಳೆಯುವಾಗಲೂ ಕಣ್ಣಿಗೆ ಬೀಳುವುದಿಲ್ಲ.

ಟೈರು ನೋಡಿ. ಗಾಡಿ ಹೆಚ್ಚು ಓಡದ ಕಾರಣ ಮೇಲ್ಮೈಯ ಗೀರುಗಳು ಆಳವಾಗಿಯೇ ಇರುತ್ತವೆ, ಟೈರು ಹೊಸದರಂತೆ ಕಾಣುತ್ತದೆ. ಪಕ್ಕದ ಗೋಡೆಯ ನಾಲ್ಕಂಕಿಯ ಗುರುತು ಓದಿದರೆ ನಿಜ ತಿಳಿಯುತ್ತದೆ: 3211 ಅಂದರೆ 2011ರ 32ನೇ ವಾರದಲ್ಲಿ ತಯಾರಾದದ್ದು. ಆ ಅಂಕಿಯ ಸುತ್ತಲೇ ಕೂದಲೆಳೆಯಂಥ ಸೀಳುಗಳಿರುತ್ತವೆ. ಅಂಥ ಟೈರಿನ ಮೇಲೆ ತುಂಬಿದ ಟ್ಯಾಂಕು ಹೊತ್ತು ಸೈರನ್ ಹಾಕಿಕೊಂಡು ಓಡಬೇಕು.

ಏರ್ ಬ್ರೇಕಿನ ಡಯಾಫ್ರಾಮ್, ಹೋಸುಗಳು ರಬ್ಬರಿನವು, ವಯಸ್ಸಾದಂತೆ ಗಡುಸಾಗಿ ಗಾಳಿ ಬಿಡುತ್ತವೆ. ರಾತ್ರಿ ತುಂಬಿದ್ದ ಗಾಳಿ ಬೆಳಗಾಗುವಷ್ಟರಲ್ಲಿ ಸೋರಿರುತ್ತದೆ. ಗಂಟೆ ಹೊಡೆದು ಸಿಬ್ಬಂದಿ ಒಂದೇ ನಿಮಿಷದಲ್ಲಿ ಹತ್ತಿ ಕೂತರೂ ಒತ್ತಡ ಏರುವ ತನಕ, ಗಾಳಿಯಿಲ್ಲದಾಗ ಚಕ್ರ ಹಿಡಿದಿಡುವ ಸ್ಪ್ರಿಂಗ್ ಬ್ರೇಕ್ ಬಿಡುವುದಿಲ್ಲ. ಠಾಣೆಯಲ್ಲೇ ಕಂಪ್ರೆಸರ್ ಇಟ್ಟು ಗಾಳಿ ತುಂಬಿಸಿದರೆ ಗಾಡಿಯೇನೋ ಹೊರಡುತ್ತದೆ. ಆದರೆ ಸೋರಿಕೆ ಹಾಗೇ ಉಳಿದು ಚಾರ್ಮಾಡಿಯಂಥ ಘಾಟಿಯ ಇಳಿಜಾರಿಗೂ ಜೊತೆಯಲ್ಲೇ ಬರುತ್ತದೆ.

ಕಬ್ಬಿಣದ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನೀರು ಹೊಯ್ದಾಡದಂತೆ ಒಳಗೆ ಬೆಸೆದಿರುವ ಅಡ್ಡ ತಗಡುಗಳು ಬೆಸುಗೆ ಬಿಟ್ಟರೆ ತಿರುವಿನಲ್ಲಿ ನೀರೆಲ್ಲ ಒಂದೇ ಕಡೆಗೆ ನುಗ್ಗುತ್ತದೆ. ಟ್ಯಾಂಕು ಅರ್ಧ ಖಾಲಿಯಿದ್ದಾಗ ಈ ಅಪಾಯ ಜಾಸ್ತಿ. ಉದುರಿದ ತುಕ್ಕಿನ ಚಕ್ಕೆಗಳು ನಾಜಲ್ ತುದಿಗೆ ಬಂದು ಕೂರುತ್ತವೆ.

ಎಲ್ಲಕ್ಕಿಂತ ಮುಖ್ಯ ಪಂಪು. ನಿಮಿಷಕ್ಕೆ 450 ಲೀಟರಿನ ಒಂದು ಜೆಟ್ ಬಿಟ್ಟರೆ ಟ್ಯಾಂಕು 10 ನಿಮಿಷಕ್ಕೆ, ಎರಡು ಬಿಟ್ಟರೆ 5 ನಿಮಿಷಕ್ಕೆ ಖಾಲಿ. ಆಮೇಲೆ ಕೆರೆ, ಬಾವಿಯೇ ಗತಿ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ ನೀರನ್ನು ಸುಮಾರು 10 ಮೀಟರ್ ಏರಿಸಬಲ್ಲದು. ಕೋಲಾರ, ಬೆಂಗಳೂರಿನ ಎತ್ತರದಲ್ಲಿ ಅದು 9ರ ಆಸುಪಾಸಿಗೆ ಇಳಿಯುತ್ತದೆ, ಕೆಲಸಕ್ಕೆ ಸಿಗುವುದು ಆರೇಳು ಮೀಟರ್. ಪಂಪಿನ ದಂಡದ ಸುತ್ತ ಸೋರದಂತೆ ಬಿಗಿದಿರುವ ಗ್ಲ್ಯಾಂಡಿನಲ್ಲಿ ಗಾಳಿ ಎಳೆದುಕೊಂಡರೆ, ಪಂಪಿನೊಳಗಿನ ಗಾಳಿಯನ್ನು ಮೊದಲು ಹೊರಹಾಕುವ ಪ್ರೈಮರ್ ದುರ್ಬಲವಾಗಿದ್ದರೆ ಅದೂ ಇಲ್ಲ. ಕೆಸರು ನೀರು ಎಳೆದೂ ಎಳೆದೂ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್ ಮತ್ತು ಅದರ ಸುತ್ತಲಿನ ವೇರ್ ರಿಂಗಿನ ನಡುವಿನ ಸಂದು ಅಗಲವಾದರೆ ನೀರು ಒಳಗೊಳಗೇ ಸುತ್ತುತ್ತದೆ. ಎಂಜಿನ್ ಎಷ್ಟು ಕಿರುಚಿದರೂ ಒತ್ತಡ ಏರುವುದಿಲ್ಲ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯಾದ ಎನ್‌ಎಫ್‌ಪಿಎ ಮಾನದಂಡದ ಶಿಫಾರಸು ಸ್ಪಷ್ಟ: 15 ವರ್ಷ ದಾಟಿದ್ದನ್ನು, ಅದೂ ಚೆನ್ನಾಗಿ ನೋಡಿಕೊಂಡಿದ್ದರೆ ಮಾತ್ರ, ಮೀಸಲಿಗೆ ಸರಿಸಿ; 25 ದಾಟಿದ್ದನ್ನು ಬದಲಿಸಿ. ನಮ್ಮಲ್ಲಿ ಮೀಸಲು ಎಂಬುದೇ ಇಲ್ಲದ ಠಾಣೆಗಳಲ್ಲಿ ಹಳೇ ಗಾಡಿಯೇ ಮೊದಲ ಗಾಡಿ. ನೋಂದಣಿ ಇಲ್ಲದ ವಾಹನವನ್ನು ರಸ್ತೆಗೆ ತರುವಂತಿಲ್ಲ. ಹಾಗಿದ್ದೂ ತಂದು ಅಪಘಾತವಾದರೆ ಮೊದಲು ಉತ್ತರ ಕೊಡಬೇಕಾದವನು ಸ್ಟೀರಿಂಗ್ ಹಿಡಿದ ಚಾಲಕ. ಹಿಂದೆ ಸೀಟ್ ಬೆಲ್ಟ್ ಇಲ್ಲದ ಬೆಂಚಿನ ಮೇಲೆ ಕೂತು ಬರುವ ಸಿಬ್ಬಂದಿಯ ಜೀವಕ್ಕೂ ಬೆಲೆಯಿದೆ.

ವಿರೋಧ: ಕ್ಯಾಲೆಂಡರ್ ನೋಡಿ ಇಳಿಸಬಾರದು

ಮೇಲೆ ಹೇಳಿದ ದೋಷಗಳೆಲ್ಲ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಬಿಡಿಭಾಗದ ದೋಷಗಳು. ಟೈರು ಸೀಳಿದ್ದರೆ ಟೈರು ಬದಲಿಸಿ. ಬ್ರೇಕಿನ ರಬ್ಬರು, ಗ್ಲ್ಯಾಂಡ್ ಪ್ಯಾಕಿಂಗು, ವೇರ್ ರಿಂಗು ಸವೆಯಲೆಂದೇ, ಬದಲಿಸಲೆಂದೇ ಮಾಡಿದವು. ತುಕ್ಕು ಹಿಡಿದ ಟ್ಯಾಂಕನ್ನು ಇಳಿಸಿ ಸ್ಟೇನ್‌ಲೆಸ್ ಸ್ಟೀಲಿನದು ಕೂರಿಸಬಹುದು. ಛಾಸಿ ಹಳಿ ಬಿರುಕು ಬಿಟ್ಟಿದ್ದರೆ ಮಾತ್ರ ನಾವೂ ವಾದ ಮಾಡುವುದಿಲ್ಲ, ಅದು ಗುಜರಿಗೇ ಹೋಗಬೇಕು.

ಹಳೆಯದನ್ನು ಇಳಿಸಿದ ದಿನವೇ ಹೊಸದು ಬಂದು ನಿಲ್ಲುತ್ತದೆಯೇ? ಮೊದಲು ಟೆಂಡರು, ಆಮೇಲೆ ಛಾಸಿ ಖರೀದಿ. ಅದು ಬಾಡಿ ಕಟ್ಟುವವರ ಬಳಿ ಹೋಗಿ ಟ್ಯಾಂಕು, ಪಿಟಿಒ, ಪಂಪು, ಲಾಕರುಗಳು ಕೂಡಬೇಕು. ಬಳಿಕ ತಪಾಸಣೆ, ನೋಂದಣಿ, ಚಾಲಕರಿಗೆ ತರಬೇತಿ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಆ ನಡುವೆ ಪಕ್ಕದ ತಾಲ್ಲೂಕಿನಿಂದ ಗಾಡಿ ಬರಬೇಕು. 40 ಕಿಲೋಮೀಟರ್ ದೂರವನ್ನು ಗಂಟೆಗೆ 50ರ ಸರಾಸರಿಯಲ್ಲಿ ಬಂದರೂ 48 ನಿಮಿಷ. ಅಷ್ಟರಲ್ಲಿ ಹುಲ್ಲಿನ ಬಣವೆ ಬೂದಿಯಾಗಿ, ಬೆಂಕಿ ಕೊಟ್ಟಿಗೆಯ ಸೂರಿಗೆ ಹತ್ತಿರುತ್ತದೆ. ಎಂಟು ನಿಮಿಷದಲ್ಲಿ ತಲುಪುವ ಹಳೇ ಗಾಡಿ ಆ ಕೊಟ್ಟಿಗೆಯನ್ನೂ ಅದರಲ್ಲಿ ಕಟ್ಟಿದ ದನಗಳನ್ನೂ ಉಳಿಸಬಲ್ಲದು. ತಾಲ್ಲೂಕಿನ ರೈತನ ಪಾಲಿಗೆ ಆಯ್ಕೆ ಇರುವುದು ಹಳೆಯದು ಮತ್ತು ಹೊಸದರ ನಡುವೆ ಅಲ್ಲ, ಹಳೆಯದು ಮತ್ತು ಬರಿಗೈಯ ನಡುವೆ.

ಹೊಸ ಗಾಡಿಗೂ ಅದರದೇ ತೊಡಕುಗಳಿವೆ. 2020ರ ಏಪ್ರಿಲ್‌ನಿಂದ ಬರುವವು ಬಿಎಸ್-6 ಎಂಬ ಹೊಗೆ ಮಿತಿಯ ಮಾನದಂಡಕ್ಕೆ ತಕ್ಕ ಎಂಜಿನ್ನುಗಳು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರಿದೆ, ಡೀಸೆಲ್ ಜೊತೆಗೆ ಯೂರಿಯಾ ದ್ರಾವಣ ಬೇರೆ ತುಂಬಬೇಕು. ನಿಂತಲ್ಲೇ ಗಂಟೆಗಟ್ಟಲೆ ಪಂಪು ತಿರುಗಿಸಿದಾಗ ಫಿಲ್ಟರಿನಲ್ಲಿ ಮಸಿ ಕಟ್ಟಬಹುದು. ಸೆನ್ಸರ್ ತಪ್ಪು ತೋರಿಸಿದರೆ ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜಿಲ್ಲಾ ಕೇಂದ್ರದಿಂದ ಬರಬೇಕಾದೀತು. ಹಳೇ ಎಂಜಿನ್ನಿನ ಮೆಕ್ಯಾನಿಕಲ್ ಡೀಸೆಲ್ ಪಂಪಿಗೆ ಗಾಳಿ ಹಿಡಿದರೆ ಠಾಣೆಯ ಚಾಲಕ ತಂತ್ರಜ್ಞರೇ ಒಂದು ಸ್ಪ್ಯಾನರ್ ಹಿಡಿದು ಗಾಳಿ ತೆಗೆಯುತ್ತಾರೆ. ಹೊಸದು ಬೇಡವೆಂದು ಇದರರ್ಥವಲ್ಲ. ಸಿಬ್ಬಂದಿಯ ಕೈ ಅದಕ್ಕೆ ಪಳಗುವ ತನಕ ಹಳೆಯದು ಪಕ್ಕದಲ್ಲಿರಲಿ.

ವಯಸ್ಸಿಗೆ ಬದಲು ಪರೀಕ್ಷೆ ಇರಲಿ. ಪಂಪಿಗೆ ಎಲ್ಲಾದರೂ ಗಾಳಿ ನುಗ್ಗುತ್ತಿದೆಯೇ ಎಂದು ನೋಡುವ ನಿರ್ವಾತ ಪರೀಕ್ಷೆಗೆ ಅರ್ಧ ಗಂಟೆಯೂ ಬೇಡ. ಪಂಪಿನ ನೀರು ಬಸಿದು, ನೀರೆಳೆಯುವ ಸಕ್ಷನ್ ಹೋಸನ್ನು ಕೂಡಿಸಿ ಅದರ ತುದಿಗೆ ಮುಚ್ಚಳ ಹಾಕಿ, ನೀರು ಹೊರಬಿಡುವ ಡೆಲಿವರಿ ಕವಾಟಗಳನ್ನು ಮುಚ್ಚಿ ಪ್ರೈಮರ್ ಓಡಿಸಬೇಕು. ಗೇಜಿನ ಮುಳ್ಳು ಪಾದರಸದ 22 ಇಂಚಿಗೆ ಮುಟ್ಟಬೇಕು; ಎತ್ತರದ ಊರಿಗೆ ಇಂಚಿನಷ್ಟು ರಿಯಾಯಿತಿ ಕೊಡಬಹುದು. ಪ್ರೈಮರ್ ನಿಲ್ಲಿಸಿ 5 ನಿಮಿಷ ಮುಳ್ಳನ್ನೇ ನೋಡುತ್ತಿರಿ. 10 ಇಂಚಿಗಿಂತ ಹೆಚ್ಚು ಬಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಕೀಲುಗಳಿಗೆ ಒಂದೊಂದಾಗಿ ಸೋಪಿನ ನೊರೆ ಹಚ್ಚಿದರೆ ನೊರೆಯನ್ನು ಒಳಗೆ ಎಳೆದುಕೊಳ್ಳುವ ಜಾಗವೇ ಸೋರುವ ಜಾಗ. ಹೆಚ್ಚಿನ ಸಲ ಸಿಗುವುದು ಒಣಗಿದ ಒಂದು ವಾಷರ್ ಅಥವಾ ಸಡಿಲಾದ ಗ್ಲ್ಯಾಂಡ್. ಆಮೇಲೆ ತೆರೆದ ಬಾವಿಯಿಂದ ನೀರೆತ್ತಿ, ಪಂಪಿನ ಫಲಕದಲ್ಲಿ ಬರೆದಿರುವಷ್ಟು ನೀರನ್ನು ಅದೇ ಒತ್ತಡದಲ್ಲಿ ಬಿಡದೆ ಕೊಡುತ್ತದೆಯೇ ನೋಡಬೇಕು. ಬ್ರೇಕಿಗೆ, ಎಂಜಿನ್ ನಿಲ್ಲಿಸಿ ಗಾಳಿಯ ಒತ್ತಡ ಎಷ್ಟು ಬೇಗ ಬೀಳುತ್ತದೆಂದು ಬರೆದಿಡಬೇಕು. ಛಾಸಿ ಹಳಿಯ ಬಣ್ಣ ಕೆರೆದು ನೋಡಬೇಕು. ಟ್ಯಾಂಕು ಖಾಲಿ ಮಾಡಿ, ಗಾಳಿಯಾಡಲು ಬಿಟ್ಟು, ಹೊರಗೊಬ್ಬರನ್ನು ನಿಲ್ಲಿಸಿಯೇ ಒಳಗಿಳಿದು ಅಡ್ಡ ತಗಡುಗಳ ಬೆಸುಗೆ ನೋಡಬೇಕು. ಇಷ್ಟರಲ್ಲಿ ಸೋತ ವಾಹನ ಒಂಬತ್ತೇ ವರ್ಷದ್ದಾದರೂ ಸಾಲಿನಿಂದ ಇಳಿಯಲಿ.

ನೋಂದಣಿಯ ತೊಡಕು ಕಾಗದದ್ದು, ಅದನ್ನು ಕಾಗದದಲ್ಲೇ ಬಿಡಿಸಬೇಕು. ಪರೀಕ್ಷೆ ಗೆದ್ದ ಅಗ್ನಿಶಾಮಕ ವಾಹನವನ್ನೂ ವಿನಾಯಿತಿಗೆ ಸೇರಿಸಿ ಎಂದು ರಾಜ್ಯಗಳು ಕೇಂದ್ರವನ್ನು ಒತ್ತಾಯಿಸಬೇಕು. ಅಗ್ನಿಶಾಮಕ ಸೇವೆಯ ಆಧುನೀಕರಣಕ್ಕೆ ಕೇಂದ್ರ 5,000 ಕೋಟಿ ರೂಪಾಯಿಯ ಯೋಜನೆ ತಂದಿದೆ. ಕರ್ನಾಟಕದಂಥ ರಾಜ್ಯಗಳು ತಮ್ಮ ಯೋಜನಾ ವೆಚ್ಚದ ಶೇ 25 ಭಾಗ ಭರಿಸಬೇಕು. ಆ ಹಣದಲ್ಲಿ ಬರುವ ಗಾಡಿ ಠಾಣೆಯ ಮೊದಲ ಗಾಡಿಯಾಗಲಿ, ಹಳೆಯದು ಎರಡನೆಯದಾಗಿ ನಿಲ್ಲಲಿ. ಪರೀಕ್ಷೆಗಳು ಮಾತ್ರ ಡಿಸೆಂಬರಿನಲ್ಲೇ ಮುಗಿಯಬೇಕು. ಫೆಬ್ರವರಿಯಲ್ಲಿ ಬಣವೆ, ಕಬ್ಬಿನ ಗದ್ದೆ, ಕಾಡಂಚಿನ ಕರೆಗಳು ಶುರುವಾದ ಮೇಲೆ ಪಂಪು ಬಿಚ್ಚಿ ಕೂರಲು ಯಾರಿಗೂ ಬಿಡುವು ಸಿಗುವುದಿಲ್ಲ.