ಸೇಲ್ಸ್‌ನವರಿಗೇ ಸರಿಯಾಗಿ ಗೊತ್ತಿಲ್ಲದ ಚೈನ್ ಸ್ಟೋರಿನಲ್ಲಿ ಕಂಪ್ಯೂಟರ್ ಕೊಳ್ಳಬಹುದೇ?

ಪರ: ಮುಟ್ಟಿ ನೋಡದೆ ಕೊಳ್ಳುವುದು ಹೇಗೆ?

ಮಳಿಗೆಯ ಸೇಲ್ಸ್‌ನವರನ್ನು ಸಮರ್ಥಿಸಿಕೊಳ್ಳುವುದು ನನ್ನಿಂದಾಗದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಸ್ಮರಣೆ) ಎಷ್ಟಿದೆ ಎಂದು ಕೇಳಿದ್ದಕ್ಕೆ ‘512 ಜಿಬಿ ಮೇಡಂ’ ಎಂದು ಕಡತ ಉಳಿಸುವ ಸ್ಟೋರೇಜಿನ ಲೆಕ್ಕ ಒಪ್ಪಿಸಿದ ಹುಡುಗನನ್ನು ನಾನೇ ಕಂಡಿದ್ದೇನೆ. ಪರವಾಗಿ ಬರೆಯಿರಿ ಎಂದು ಕೇಳಿದ್ದಾರೆ, ಬರೆಯುತ್ತಿದ್ದೇನೆ. ಈ ಪಕ್ಷದಲ್ಲಿ ನಾನು ಮನಸಾರೆ ನಂಬುವ ಮಾತು ಒಂದೇ ಒಂದಿದೆ. ಕಂಪ್ಯೂಟರನ್ನು ಮುಟ್ಟಿ ನೋಡದೆ ಕೊಳ್ಳಬಾರದು. ಬೇರೆಬೇರೆ ಕಂಪನಿಗಳ ಹತ್ತಾರು ಯಂತ್ರಗಳು ಮುಚ್ಚಳ ತೆರೆದುಕೊಂಡು ಸಾಲಾಗಿ ಕೂತಿರುವುದು ಇಂಥ ದೊಡ್ಡ ಮಳಿಗೆಗಳಲ್ಲೇ.

ನನ್ನದು ದಿನವಿಡೀ ಕನ್ನಡ ಟೈಪ್ ಮಾಡುವ ಕೆಲಸ. ಹಿಂದಿನ ಲ್ಯಾಪ್‌ಟಾಪನ್ನು ಮನೆಯಲ್ಲೇ ಕೂತು, ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲವನ್ನೂ ತಾಳೆ ನೋಡಿ ಆನ್‌ಲೈನಿನಲ್ಲಿ ತರಿಸಿದ್ದೆ. ಕಾಗದದ ಮೇಲೆ ಒಂದೇ ಒಂದು ಕುಂದು ಇರಲಿಲ್ಲ. ಬಂದ ಮೇಲೆ ನೋಡಿದರೆ ಬಲಗಡೆಯ ಶಿಫ್ಟ್ ಕೀ ಅರ್ಧಕ್ಕರ್ಧ ಮೊಟಕು, ಮಿಕ್ಕ ಜಾಗದಲ್ಲಿ ಮೇಲ್ಮುಖದ ಬಾಣದ ಕೀ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ಥ, ಧ, ಘ, ಭ ಎಲ್ಲಕ್ಕೂ ಶಿಫ್ಟ್ ಬೇಕು. ಅಕ್ಷರ ಒತ್ತುವುದು ಎಡಗೈ, ಶಿಫ್ಟ್ ಹಿಡಿಯುವುದು ಬಲಗೈ ಕಿರುಬೆರಳು. ‘ಭಾಷೆ’ ಎಂದು ಬರೆಯಹೊರಟರೆ ಬೆರಳು ಬಾಣದ ಮೇಲೆ ಬೀಳುತ್ತಿತ್ತು, ಕರ್ಸರ್ ಮೇಲಿನ ಸಾಲಿಗೆ ಹಾರುತ್ತಿತ್ತು, ಬೇರೆ ಯಾವುದೋ ಪದದ ನಡುವೆ ‘ಬಾಷೆ’ ಹೋಗಿ ಕೂರುತ್ತಿತ್ತು. ಇಪ್ಪತ್ತು ವರ್ಷದಿಂದ ಬೆರಳಿಗೆ ಅಂಟಿದ ಅಭ್ಯಾಸ ಒಂದು ಕೀಲಿಮಣೆಗಾಗಿ ಬದಲಾಗುತ್ತದೆಯೇ? ಎರಡು ವರ್ಷ ಅದರ ಜೊತೆ ಏಗಿದೆ. ಕರಡು ತಿದ್ದುವುದಕ್ಕಿಂತ ಹೆಚ್ಚು ಹೊತ್ತು ಆ ಯಂತ್ರ ಮಾಡಿದ ತಪ್ಪನ್ನು ತಿದ್ದಿದ್ದೇನೆ. ಆ ಶಿಫ್ಟ್ ಕೀಯ ಅಗಲ ಎಷ್ಟು ಎಂದು ಯಾವ ಸ್ಪೆಕ್ ಪಟ್ಟಿಯಲ್ಲೂ ಇರಲಿಲ್ಲ.

ಈ ಸಲ ಮಳಿಗೆಗೇ ಹೋದೆ. ಆರು ಲ್ಯಾಪ್‌ಟಾಪುಗಳಲ್ಲಿ ಒಂದೇ ಪ್ಯಾರಾವನ್ನು ಆರು ಸಲ ಟೈಪ್ ಮಾಡಿದೆ. ಕನ್ನಡ ಮೂಡದಿದ್ದರೇನಂತೆ, ಬೆರಳಿಗೆ ದಾರಿ ಗೊತ್ತು. ಒಂದರ ಪರದೆ ಎದುರಿನಿಂದ ಚೆನ್ನಾಗಿತ್ತು, ತಲೆ ಸ್ವಲ್ಪ ಎತ್ತಿದರೆ ಬಣ್ಣವೆಲ್ಲ ಮಂಕಾಯಿತು. ಇನ್ನೊಂದರಲ್ಲಿ ಚಾವಣಿಯ ಟ್ಯೂಬ್‌ಲೈಟ್ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಮತ್ತೊಂದರ ಮುಚ್ಚಳ ಎರಡೂ ಕೈ ಹಾಕದೆ ತೆರೆದುಕೊಳ್ಳುತ್ತಲೇ ಇರಲಿಲ್ಲ. ಇದನ್ನೆಲ್ಲ ತಿಳಿಯಲು ಸೇಲ್ಸ್ ಹುಡುಗನ ಜ್ಞಾನ ನನಗೇಕೆ ಬೇಕು? ವಿಂಡೋಸ್ ಇರುವ ಡಿಸ್ಪ್ಲೇ ಪೀಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ರ‍್ಯಾಮ್ ಎಷ್ಟು, ಡಿಸ್ಕ್ ಯಾವ ಬಗೆಯದು ಎಂಬುದನ್ನು ಯಂತ್ರವೇ ಹೇಳುತ್ತದೆ. ಮಾಡೆಲ್ ನಂಬರನ್ನು ಫೋನಿನಲ್ಲಿ ಹಾಕಿ ತಯಾರಕರ ತಾಣದಲ್ಲಿ ನೋಡಿದರೆ ಉಳಿದದ್ದೂ ಸಿಗುತ್ತದೆ.

ಇನ್ನೊಂದು ಅನುಕೂಲವೂ ಇದೆ. ಪೆಟ್ಟಿಗೆಯನ್ನು ಕೌಂಟರಿನ ಮೇಲೆಯೇ ತೆರೆಸಿ, ಆನ್ ಮಾಡಿಸಿ, ಪರದೆಯಲ್ಲಿ ಸತ್ತ ಪಿಕ್ಸೆಲ್ (ಬೆಳಗದ ಚುಕ್ಕಿ) ಇದೆಯೇ, ಕೀಲಿಗಳೆಲ್ಲ ಒತ್ತುತ್ತವೆಯೇ ನೋಡಿಕೊಂಡು ಆಮೇಲೆ ದುಡ್ಡು ಕೊಡಬಹುದು. ಕೊರಿಯರಿನಲ್ಲಿ ಬಂದದ್ದು ಕೆಟ್ಟಿದ್ದರೆ ಯಾರ ಮುಖ ನೋಡಿ ಕೇಳುವುದು?

ಮಳಿಗೆಗೆ ಕಾಲಿಡಲೇಬಾರದು ಎನ್ನುವವರು ಯಾರೆಂದು ನನಗೆ ಗೊತ್ತು. ಮೂರು ತಿಂಗಳು ರಿವ್ಯೂ ವಿಡಿಯೊ ನೋಡಿ, ಹತ್ತು ಮಾಡೆಲ್‌ಗಳ ಕೋಷ್ಟಕ ಮಾಡಿ, ಕೊನೆಗೆ ಇನ್ನೂ ಒಳ್ಳೆಯದು ಬರುತ್ತದೆಂದು ಕಾಯುತ್ತ ಕೂರುವವರು. ಅವರಿಗೆ ಪ್ರೊಸೆಸರಿನ ವಂಶಾವಳಿ ಬಾಯಿಪಾಠ, ಬೆರಳಿಗೆ ಏನು ಹಿತವೆಂದು ಗೊತ್ತಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ, ಆಂಟಿವೈರಸ್ ಎಂದು ಬಿಲ್ಲಿಂಗ್ ಹೊತ್ತಿಗೆ ತಲೆಗೆ ಕಟ್ಟುವುದನ್ನು ಮಾತ್ರ ನಾನೂ ಒಪ್ಪುವುದಿಲ್ಲ. ‘ಬೇಡ’ ಎಂದು ನಾಲ್ಕು ಸಲ ಹೇಳಬೇಕಾಯಿತು, ಹೇಳಿದೆ. ಈ ಲೇಖನವನ್ನು ಅಲ್ಲಿ ಕೊಂಡದ್ದರಲ್ಲೇ ಟೈಪ್ ಮಾಡುತ್ತಿದ್ದೇನೆ. ಶಿಫ್ಟ್ ಕೀ ಉದ್ದವಾಗಿದೆ.

ವಿರೋಧ: ಆ ಕೌಂಟರಿನ ಹಿಂದೆ ನಾನೇ ನಿಂತಿದ್ದೆ

ಅಂಥದೊಂದು ಮಳಿಗೆಯಲ್ಲಿ ಹದಿನಾಲ್ಕು ತಿಂಗಳು ಲ್ಯಾಪ್‌ಟಾಪ್ ಮಾರಿದ್ದೇನೆ. ಅದಕ್ಕೆ ಮುಂಚಿನ ತಿಂಗಳು ಅದೇ ಮಳಿಗೆಯಲ್ಲಿ ವಾಷಿಂಗ್ ಮೆಷಿನ್ ಮಾರುತ್ತಿದ್ದೆ. ಲ್ಯಾಪ್‌ಟಾಪ್ ವಿಭಾಗದಲ್ಲಿ ಒಬ್ಬರು ಕೆಲಸ ಬಿಟ್ಟರು, ನನ್ನನ್ನು ಅಲ್ಲಿಗೆ ಹಾಕಿದರು. ಅರ್ಧ ದಿನದ ಟ್ರೈನಿಂಗ್. ಅದರಲ್ಲಿ ಮುಕ್ಕಾಲು ಪಾಲು ಯಂತ್ರದ ಜೊತೆ ಏನೇನು ಸೇರಿಸಿ ಮಾರಬೇಕು ಎಂಬುದರ ಬಗ್ಗೆಯೇ: ಬ್ಯಾಗು, ಮೌಸು, ಆಂಟಿವೈರಸ್, ಎಕ್ಸ್‌ಟೆಂಡೆಡ್ ವಾರಂಟಿ. ಪ್ರತಿ ಸಂಜೆ ಮ್ಯಾನೇಜರ್ ಕೇಳುತ್ತಿದ್ದದ್ದೂ ಅದನ್ನೇ. ಎಷ್ಟು ಲ್ಯಾಪ್‌ಟಾಪ್ ಹೋಯಿತು, ಅದರಲ್ಲಿ ಎಷ್ಟಕ್ಕೆ ವಾರಂಟಿ ಹತ್ತಿತು? ಗಿರಾಕಿಗೆ ಬೇಕಾದದ್ದೇ ಸಿಕ್ಕಿತೇ ಎಂದು ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಯಾರೂ ಕೇಳಲಿಲ್ಲ. ವಿಂಡೋಸ್ 10ರ ಒಳಗೇ ಡಿಫೆಂಡರ್ ಎಂಬ ಆಂಟಿವೈರಸ್ ಇತ್ತು. ಅದು ನನಗೆ ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ.

ನಮ್ಮ ಜೊತೆ ನಿಂತಿರುತ್ತಿದ್ದ ಇಬ್ಬರು ಮಳಿಗೆಯವರೇ ಆಗಿರಲಿಲ್ಲ. ಒಂದೊಂದು ಕಂಪನಿಯಿಂದ ಸಂಬಳ ಪಡೆಯುವ ಪ್ರಮೋಟರುಗಳು. ಗಿರಾಕಿ ಯಾವುದು ಒಳ್ಳೆಯದು ಎಂದು ಕೇಳಿದರೆ ತಮ್ಮ ಕಂಪನಿಯದರ ಕಡೆಗೇ ಕೈ ತೋರಿಸುವುದು ಅವರ ಕೆಲಸ. ಕೇಳಿದವರಿಗೆ ಅದು ಹೇಗೆ ಗೊತ್ತಾಗಬೇಕು?

ನಾವು ಕಲಿತ ಪಾಠವೆಂದರೆ ಇಂಟೆಲ್ ಪ್ರೊಸೆಸರುಗಳಲ್ಲಿ ಐ3ಕ್ಕಿಂತ ಐ5 ಒಳ್ಳೆಯದು, ಐ5ಕ್ಕಿಂತ ಐ7 ಒಳ್ಳೆಯದು, ಅಷ್ಟೇ. 2017ರಲ್ಲಿ ಇಂಟೆಲ್ ಐ5-8250ಯು ಎಂಬ ಪ್ರೊಸೆಸರ್ ತಂದಿತು. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಎಳೆ). ಹಿಂದಿನ ಪೀಳಿಗೆಯ ಐ7-7500ಯು ಎಂಬುದರಲ್ಲಿ ಇದ್ದದ್ದು ಎರಡೇ ಕೋರ್, ನಾಲ್ಕು ಥ್ರೆಡ್. ಗೋಡೌನಿನಲ್ಲಿ ಹಳೆಯ ಐ7 ಸ್ಟಾಕ್ ಉಳಿದಿತ್ತು. ‘ಸರ್, ಇದು ಐ7, ಸ್ವಲ್ಪ ಜಾಸ್ತಿ ಕೊಟ್ಟರೂ ಹೆಚ್ಚು ವರ್ಷ ಬಾಳಿಕೆ ಬರುತ್ತೆ’ ಎಂದು ನಾವೆಲ್ಲ ಅದನ್ನೇ ಮಾರಿದೆವು. ಸುಳ್ಳು ಹೇಳುತ್ತಿದ್ದೇವೆಂದು ನಮಗೆ ಅನಿಸಿರಲೇ ಇಲ್ಲ, ಅಷ್ಟು ನಂಬಿಕೆಯಿಂದ ಹೇಳುತ್ತಿದ್ದೆವು.

ಹೆಸರುಗಳು ಈಗ ಇನ್ನೂ ಗೋಜಲಾಗಿವೆ. ಎಎಂಡಿ ಕಂಪನಿಯ ಪ್ರೊಸೆಸರ್ ರೈಜನ್ 5 7520ಯು ಎಂದರೆ 7520ರ ಮೊದಲ ಅಂಕಿ 7 ನೋಡಿ ಹೊಸದೆಂದುಕೊಳ್ಳುತ್ತೇವೆ. ಕೋರ್ ಯಾವ ಕಾಲದ್ದೆಂದು ಹೇಳುವುದು ಮೂರನೇ ಅಂಕಿ. ಅಲ್ಲಿರುವ 2 ಎಂದರೆ ಜೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಎಂಬ ಗ್ರಾಫಿಕ್ಸ್ ಚಿಪ್ ಒಂದು ಯಂತ್ರದಲ್ಲಿ 35 ವಾಟಿನಲ್ಲಿ ಓಡಿದರೆ ಇನ್ನೊಂದರಲ್ಲಿ 115 ವಾಟಿನಲ್ಲಿ ಓಡಬಹುದು. ಹೆಸರು ಒಂದೇ, ಕಸುವಿನಲ್ಲಿ ಅಜಗಜಾಂತರ. ಪಕ್ಕದಲ್ಲಿ ನಿಲ್ಲಿಸಿದ ಬೆಲೆಚೀಟಿಯಲ್ಲಿ ವಾಟ್ ಹುಡುಕಿ ನೋಡಿ, ಸಿಕ್ಕುವುದು ಅಪರೂಪ.

ಗೊತ್ತಿಲ್ಲದಿರುವುದನ್ನು ನಾನು ಕ್ಷಮಿಸಬಲ್ಲೆ. ‘ಗೊತ್ತಿಲ್ಲ’ ಎಂದು ಹೇಳಲು ಅಲ್ಲಿ ಯಾರಿಗೂ ಬಿಡುವುದಿಲ್ಲ, ನನಗೆ ತಡೆಯಲಾಗದ್ದು ಅದು. ಒಬ್ಬರು ಲ್ಯಾಪ್‌ಟಾಪ್ ವಾಪಸ್ ತಂದು ‘500 ಜಿಬಿ ಅಂದಿರಿ, ಇದರಲ್ಲಿ 465 ತೋರಿಸ್ತಿದೆ’ ಎಂದು ಕೇಳಿದರು. ನಮ್ಮ ಸೀನಿಯರ್ ತಡವರಿಸದೆ ‘ಉಳಿದದ್ದನ್ನ ವಿಂಡೋಸ್ ತಿಂದಿದೆ ಸರ್’ ಎಂದರು. ಹಾಗಲ್ಲ. ಡಿಸ್ಕ್ ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ ಅಳೆಯುವುದು 1024ರ ಲೆಕ್ಕದಲ್ಲಿ, ಅದರ ಪ್ರಕಾರ ಒಂದು ಜಿಬಿ ಎಂದರೆ 107 ಕೋಟಿ ಬೈಟ್ ದಾಟುತ್ತದೆ. ಒಂದೇ ಡಿಸ್ಕು, ಎರಡು ಅಳತೆ. ಆ ಗಿರಾಕಿ ತಲೆಯಾಡಿಸಿ ಹೋದರು. ನಾನೂ ತಲೆಯಾಡಿಸಿದೆ, ಮಾರನೆಯ ದಿನದಿಂದ ಅದೇ ಉತ್ತರವನ್ನು ಬೇರೆಯವರಿಗೆ ಹೇಳತೊಡಗಿದೆ.

ತಿಳಿದುಕೊಂಡು ಹೋಗಿ, ಮುಟ್ಟಿ ನೋಡಿ, ಅವರನ್ನು ಏನೂ ಕೇಳಬೇಡಿ ಎಂದು ಮಳಿಗೆಯ ಪರ ಮಾತಾಡುವವರು ಹೇಳುತ್ತಾರೆ. ಮುಟ್ಟಿ ನೋಡುವುದು ಡಿಸ್ಪ್ಲೇ ಪೀಸನ್ನು. ಕೈಗೆ ಕೊಡುವುದು ಗೋಡೌನಿನಿಂದ ಬಂದ ಪೆಟ್ಟಿಗೆಯನ್ನು. ಅದೇ ಸೀರೀಸಿನಲ್ಲಿ ರ‍್ಯಾಮ್ ಬೇರೆ, ಪರದೆ ಬೇರೆ ಇರುವ ಯಂತ್ರ ಅದಾಗಿರಬಹುದು. ಮೇಲಾಗಿ ತಿಳಿದವರಿಗೆ ಎಲ್ಲಿ ಕೊಂಡರೂ ನಡೆಯುತ್ತದೆ. ಅಷ್ಟೊಂದು ದೀಪ ಹಾಕಿ, ಸಮವಸ್ತ್ರ ತೊಡಿಸಿ ಜನರನ್ನು ನಿಲ್ಲಿಸಿರುವುದು ತಿಳಿಯದವರಿಗಾಗಿ. ಅವರು ಕೇಳಿಯೇ ಕೇಳುತ್ತಾರೆ. ಕೇಳುವುದು ನನ್ನಂಥವನನ್ನು.

ಅಂಥ ಒಬ್ಬರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅರವತ್ತು ದಾಟಿದವರು. ಮಗಳು ಬೇರೆ ದೇಶದಲ್ಲಿ, ಮೊಮ್ಮಗು ಹುಟ್ಟಿ ಎಂಟು ತಿಂಗಳಾಗಿತ್ತು. ವಿಡಿಯೊ ಕಾಲ್ ಮಾಡಬೇಕು, ಮಗಳು ಕಳಿಸುವ ಫೋಟೊ ಎಲ್ಲ ಇಟ್ಟುಕೊಳ್ಳಬೇಕು, ಅಷ್ಟು ಸಾಕಪ್ಪ ಎಂದರು. ನಾನು ತೋರಿಸಿದ್ದು ಹಗುರವಾದ, ಚಂದದ ನೀಲಿ ಬಣ್ಣದ ಸಣ್ಣ ಲ್ಯಾಪ್‌ಟಾಪು. 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಎಂಬ ಅಗ್ಗದ ಬಗೆಯ ಸ್ಟೋರೇಜ್. ಆ ತಿಂಗಳು ಅದನ್ನು ಖಾಲಿ ಮಾಡಬೇಕಿತ್ತು. ‘ಇದರಲ್ಲಿ ಜಾಗ ಸಾಕಾಗುತ್ತಾ?’ ಎಂದು ಅವರು ಎರಡು ಸಲ ಕೇಳಿದರು. ‘ಅಮ್ಮಾ, ನಿಮ್ಮ ಫೋನಿನಲ್ಲಿರೋದು 16. ಇದರಲ್ಲಿ 32 ಇದೆ, ಧಾರಾಳವಾಯ್ತು’ ಎಂದೆ. ನಾನು ಹಾಗೆಯೇ ನಂಬಿದ್ದೆ.

32ರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ವಿಂಡೋಸ್ ಮೊದಲೇ ಹಿಡಿದಿರುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಇಳಿಸಿ ಬಿಚ್ಚಿಕೊಳ್ಳಲು ಇನ್ನೂ ಹಲವು ಜಿಬಿ ಖಾಲಿ ಬೇಕು. ಇಎಂಎಂಸಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ತೆಗೆದು ದೊಡ್ಡದು ಹಾಕುವಂತಿಲ್ಲ. ಇಷ್ಟನ್ನು ಒಬ್ಬರು ಹತ್ತು ನಿಮಿಷ ಕೂರಿಸಿ ಹೇಳಿಕೊಟ್ಟಿದ್ದರೆ ಸಾಕಿತ್ತು.

ಐದು ತಿಂಗಳ ಮೇಲೆ ಅವರು ಮತ್ತೆ ಬಂದರು. ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಜಾಗ ಇಲ್ಲ, ಜಾಗ ಇಲ್ಲ ಅಂತ ದಿನಾ ಬರುತ್ತೆ, ಅದು ಹೇಳಿದ ಹಾಗೆಲ್ಲ ಮಾಡಿದೆ ಎಂದರು. ತೆರೆದು ನೋಡಿದೆ. ಅಪ್‌ಡೇಟಿಗೆ ಜಾಗ ಮಾಡಲೆಂದು ಅವರು ಫೋಟೊಗಳನ್ನು ಒಂದೊಂದಾಗಿ ಅಳಿಸಿದ್ದರು. ರೀಸೈಕಲ್ ಬಿನ್ ಖಾಲಿ ಮಾಡಿ ಎಂದದ್ದಕ್ಕೆ ಅದನ್ನೂ ಖಾಲಿ ಮಾಡಿದ್ದರು. ಫೋಟೊಗಳ ಫೋಲ್ಡರಿನಲ್ಲಿ ಉಳಿದದ್ದು ಹನ್ನೊಂದು. ಅಪ್‌ಡೇಟ್ ಆಗಲೂ ಆಗಿರಲಿಲ್ಲ.

ವಾಪಸ್ ತೆಗೆದುಕೊಳ್ಳುವ ಅವಧಿ ಎಂದೋ ಮುಗಿದಿದೆ ಎಂದು ಮ್ಯಾನೇಜರ್ ಬಿಲ್ಲು ತಿರುಗಿಸಿ ತೋರಿಸಿದರು. ಇನ್ನು ಮುಂದೆ ಫೋಟೊಗಳನ್ನು ಇದರಲ್ಲಿ ಇಟ್ಟುಕೊಳ್ಳಿ ಎಂದು ನಾನು 64 ಜಿಬಿಯ ಒಂದು ಪೆನ್‌ಡ್ರೈವ್ ಕೊಟ್ಟೆ, ಅದಕ್ಕೂ ಬಿಲ್ ಮಾಡಿದೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ‘ಅಳಿಸಿಹೋಗಿದ್ದು ಇದರಲ್ಲಿ ವಾಪಸ್ ಬರುತ್ತಾ?’ ಎಂದು ಕೇಳಿದರು.

ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ ಅಮ್ಮಾ ಎಂದೆ. ಹಿಂದೆ ಇನ್ನೂ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು.