ಸ್ಪಷ್ಟನೆ: ರಿಮೂವ್ ಮಾಡಿದರೆ ಮಾಹಿತಿ ಅಳಿಸಿಹೋಗಲ್ಲ

ಕಲಬುರಗಿಯ ಔಷಧ ಪ್ರಯೋಗದ ಕೋಆರ್ಡಿನೇಟರ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಪ್ರಯೋಗದ ಮಾಹಿತಿ ದಾಖಲಿಸುವ ಓಪನ್‌ಕ್ಲಿನಿಕಾ ಸಾಫ್ಟ್‌ವೇರ್‌ನಲ್ಲಿ ರೋಗಿಯನ್ನು ರಿಮೂವ್ ಮಾಡಿದರೆ ಎಲ್ಲಾ ಹೋಯ್ತು, ಹೊಸ ನಂಬರ್ ಕೊಟ್ಟು ಮತ್ತೆ ಸೇರಿಸಬೇಕು ಅಂತ. ಇದು ತಪ್ಪು.

ರಿಮೂವ್ ಅಂದರೆ ಸ್ಟೇಟಸ್ ಬದಲಾಗುತ್ತದೆ, ಅಷ್ಟೇ. ಮಾಹಿತಿ ಡೇಟಾಬೇಸ್‌ನಲ್ಲೇ ಇರುತ್ತದೆ. ಅನುಮತಿ ಇರುವವರು ರಿಸ್ಟೋರ್ ಒತ್ತಿದರೆ ರೋಗಿಯ ದಾಖಲೆ, ಅದರ ಜೊತೆ ಮರೆಯಾಗಿದ್ದ ಫಾರಂಗಳೂ ವಾಪಸ್ ಬರುತ್ತವೆ. ಮೊದಲೇ ಬೇರೆಯಾಗಿ ತೆಗೆದಿದ್ದ ಫಾರಂ ಇದ್ದರೆ ಅದನ್ನು ಒಮ್ಮೆ ನೋಡಿಕೊಳ್ಳಿ.

ದಯವಿಟ್ಟು ಹೊಸ ನಂಬರ್ ಕೊಡಬೇಡಿ. ಸೇಡಂನಿಂದ ಬಸ್ ಹತ್ತಿ ಬರುವ ಒಬ್ಬ ತಾಯಿ ಲೆಕ್ಕದಲ್ಲಿ ಇಬ್ಬರಾಗುತ್ತಾರೆ. ಅವರಿಗೆ ಆದ ಅಡ್ಡಪರಿಣಾಮ ಹಳೆಯ ನಂಬರಿನಲ್ಲೇ ಉಳಿದುಬಿಡುತ್ತದೆ. ಇದು ಸುಮ್ನೆ ಕಾಗದದ ತಪ್ಪಲ್ಲ, ಅವರ ಸುರಕ್ಷತೆಯ ವಿಷಯ.

ರಿಸ್ಟೋರ್ ಮಾಡಿದರೆ ಹಳೆಯ ತಪ್ಪು ಕಾಣಲ್ಲ ಅನ್ನುವುದೂ ಸುಳ್ಳು. ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಆಡಿಟ್ ಟ್ರೇಲ್‌ನಲ್ಲಿ ಉಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಎಲೆಕ್ಟ್ರಾನಿಕ್ ದಾಖಲೆಗಳಿಗೆ ತಂದ 'ಭಾಗ 11' ನಿಯಮ ಇದನ್ನು ಕೇಳುತ್ತದೆ. ಉಳಿಯುವುದೇ ಒಳ್ಳೆಯದು, ಅಲ್ವಾ?

ಇನ್ನೊಂದು ಮಾತು. ರೋಗಿಯೇ ಒಪ್ಪಿಗೆ ಹಿಂಪಡೆದಿದ್ದರೆ ಯಾವ ಬಟನ್ನೂ ಆ ಒಪ್ಪಿಗೆಯನ್ನು ವಾಪಸ್ ತರುವುದಿಲ್ಲ. ಕೈತಪ್ಪಿ ಆದ ರಿಮೂವ್‌ಗೆ ಮಾತ್ರ ರಿಸ್ಟೋರ್. ಅದಕ್ಕೂ ಮೊದಲು ಡೇಟಾ ಮ್ಯಾನೇಜರ್‌ಗೆ ತಿಳಿಸಿ, ಕಾರಣ ಬರೆದಿಡಿ.