ಸ್ಕೂಲಿಗೆ ಸೇರಿಸುವಾಗಲೂ ವೀಸಾ ತೋರಿಸಬೇಕಂತೆ!

ಮೊನ್ನೆ ಇಲ್ಲಿ ಅಮೆರಿಕದಲ್ಲಿ ನಮ್ಮ ಸ್ಕೂಲ್ ಬೋರ್ಡಿನ ಸಭೆಗೆ ಹೋಗಿ ಬಂದಾಗಿನಿಂದ ತಲೆ ಕೆಟ್ಟಿದೆ. ಅಲ್ಲಿ ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡಲು ಅವಕಾಶವಿರುತ್ತದೆ. ಬಸ್ಸು ತಡವಾಗಿ ಬರುವುದರ ಬಗ್ಗೆ, ಬ್ಯಾಂಡಿನವರಿಗೆ ವಾದ್ಯಗಳು ಸಾಲದಿರುವುದರ ಬಗ್ಗೆ ದೂರುಗಳು ಮುಗಿದ ಮೇಲೆ ನಮ್ಮವರೇ ಒಬ್ಬರು, ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಟೈಪ್ ಮಾಡಿಸಿದ ಹಾಳೆ ಹಿಡಿದು ಮೈಕಿನ ಮುಂದೆ ನಿಂತರು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗಲೇ ವಲಸೆ ದಾಖಲೆಗಳನ್ನು ಪರಿಶೀಲಿಸಬೇಕು, ಕಾಗದಪತ್ರವಿಲ್ಲದವರ ಮಕ್ಕಳಿಂದ ಶುಲ್ಕ ವಸೂಲು ಮಾಡಬೇಕು, ನಾವು ಕಾನೂನುಬದ್ಧವಾಗಿ ಬಂದು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿರುವಾಗ ಸರದಿ ತಪ್ಪಿಸಿ ಬಂದವರ ಮಕ್ಕಳು ನಮ್ಮ ತೆರಿಗೆಯಲ್ಲಿ ಓದುವುದು ಯಾವ ನ್ಯಾಯ ಎಂಬುದು ಅವರ ವಾದ. ಜೋರಾಗಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಟ್ಟಿದವರಲ್ಲಿ ಕೆಲವರು ನಮ್ಮ ಎಚ್‌1ಬಿ (ಪರಿಣತ ಕೆಲಸಗಾರರ ವೀಸಾ) ಸರದಿಯನ್ನೂ ಮುಚ್ಚಿಬಿಡಬೇಕು ಎನ್ನುವವರೇ. ಅದು ಮೈಕಿನ ಮುಂದೆ ನಿಂತವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಹಿಗ್ಗಿದರೋ, ನಾನರಿಯೆ.

ಈ ವಾದ ಹುಟ್ಟಿದ್ದೇ ನಮ್ಮ ಟೆಕ್ಸಸ್‌ನಲ್ಲಿ. ಕಾನೂನುಬದ್ಧವಾಗಿ ದೇಶದೊಳಗೆ ಬಾರದ ಮಕ್ಕಳಿಗಾಗಿ ಶಾಲೆಗಳಿಗೆ ರಾಜ್ಯದ ಹಣ ಕೊಡುವುದಿಲ್ಲ, ಅಂಥ ಮಕ್ಕಳನ್ನು ಸೇರಿಸಿಕೊಳ್ಳಲು ಶಾಲೆಗಳು ನಿರಾಕರಿಸಬಹುದು ಎಂದು 1975ರಲ್ಲಿ ಇಲ್ಲಿನ ಶಾಸಕರು ಕಾನೂನು ಮಾಡಿದರು. ವಾರಾಂತ್ಯದಲ್ಲಿ ಗುಲಾಬಿ ತೋಟ ನೋಡಲು ನಾವು ಡಾಲಸ್‌ನಿಂದ ಹೋಗುವ ಟೈಲರ್ ಊರಿನ ಶಾಲಾ ಆಡಳಿತ, 1977ರಲ್ಲಿ, ಅಂಥ ಪ್ರತಿ ಮಗುವಿಗೂ ವರ್ಷಕ್ಕೆ 1,000 ಡಾಲರ್ ಕಟ್ಟಬೇಕೆಂದಿತು. ಆ ತೋಟಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು ಅಷ್ಟು ದುಡ್ಡು ತರುವುದೆಲ್ಲಿಂದ? ನಾಲ್ಕು ಕುಟುಂಬಗಳು ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದವು. ಅವರ ಗುರುತು ಬಯಲಾಗದಿರಲೆಂದು ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ (ಹೌದು, ಅವರ ಮನೆತನದ ಹೆಸರೇ ಜಸ್ಟಿಸ್) ಬೆಳಕು ಹರಿಯುವ ಹೊತ್ತಿಗೇ ವಿಚಾರಣೆ ನಡೆಸಿದರು. ಅಲ್ಲಿಂದಲೇ ಹಿಡಿದು ಗಡಿಪಾರು ಮಾಡಿದರೆ ಎಂಬ ಭಯದಲ್ಲಿ ಆ ಜನ ಮನೆಯ ಸಾಮಾನನ್ನು ಕಾರಿಗೆ ತುಂಬಿಕೊಂಡೇ ನ್ಯಾಯಾಲಯಕ್ಕೆ ಬಂದಿದ್ದರು. ಮಗುವನ್ನು ಮೂರನೆಯ ಕ್ಲಾಸಿಗೆ ಸೇರಿಸುವುದಕ್ಕಾಗಿ!

1982ರ ಜೂನ್ 15ರಂದು ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಸಂವಿಧಾನದ 14ನೆಯ ತಿದ್ದುಪಡಿ ಸಮಾನ ರಕ್ಷಣೆಯನ್ನು ಕೊಡುವುದು ನಾಗರಿಕರಿಗೆ ಮಾತ್ರವಲ್ಲ, ಈ ನೆಲದಲ್ಲಿರುವ ಎಲ್ಲ ವ್ಯಕ್ತಿಗಳಿಗೆ ಎಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಹೇಳಿದರು. ಗಡಿ ದಾಟುವ ನಿರ್ಧಾರ ಅಪ್ಪ ಅಮ್ಮನದು, ಅದರ ದಂಡವನ್ನು ಮಗುವಿನಿಂದ ವಸೂಲು ಮಾಡುವಂತಿಲ್ಲ ಎಂಬುದು ತೀರ್ಪಿನ ತಿರುಳು. ಆ ಮೊಕದ್ದಮೆಗೆ ಯಾರ ಹೆಸರು ಅಂಟಿಕೊಂಡಿತೋ ಆ ಟೈಲರ್‌ನ ಶಾಲಾ ಸೂಪರಿಂಟೆಂಡೆಂಟ್ ಜೇಮ್ಸ್ ಪ್ಲೈಲರ್ ಅವರೇ, ತಾವು ಸೋತದ್ದು ಒಳ್ಳೆಯದಾಯಿತೆಂದು ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡರು. ಆದರೆ ಆ ತೀರ್ಪನ್ನು ಮತ್ತೆ ಪ್ರಶ್ನಿಸಬೇಕೆಂದು ನಮ್ಮ ಗವರ್ನರ್ ಗ್ರೆಗ್ ಆಬಟ್ 2022ರಲ್ಲಿ ಹೇಳಿದರು. 2025ರಲ್ಲಿ ಟೆನೆಸ್ಸಿಯ ಸೆನೆಟ್, ಶಾಲೆಗಳು ಮಕ್ಕಳ ವಲಸೆ ಸ್ಥಿತಿ ವಿಚಾರಿಸಿ ಶುಲ್ಕ ವಿಧಿಸಬಹುದೆಂಬ ಮಸೂದೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಮೊನ್ನೆ ಚಪ್ಪಾಳೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕೇಳಿದರೆ ಏನು ತಪ್ಪು, ಯಾರನ್ನೂ ಹೊರಗೆ ಹಾಕುವುದಿಲ್ಲವಲ್ಲ, ಬರೀ ಲೆಕ್ಕಕ್ಕೆ ತಾನೆ ಎನ್ನುವವರಿದ್ದಾರೆ. ಅಲಬಾಮಾ ರಾಜ್ಯದವರೂ 2011ರಲ್ಲಿ, ಶಾಲೆಗೆ ಸೇರುವ ಮಕ್ಕಳ ವಲಸೆ ಸ್ಥಿತಿ ವಿಚಾರಿಸಬೇಕೆಂಬ ನಿಯಮವನ್ನು ಬರೀ ಲೆಕ್ಕಕ್ಕೆಂದೇ ತಂದದ್ದು. ಅದು ಜಾರಿಗೆ ಬಂದ ಕೆಲವೇ ದಿನಗಳಲ್ಲಿ ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಬರುವುದನ್ನೇ ಬಿಟ್ಟರು. ಅವರಲ್ಲಿ ಎಷ್ಟೋ ಮಕ್ಕಳು ಇಲ್ಲೇ ಹುಟ್ಟಿದ ಅಮೆರಿಕನ್ ನಾಗರಿಕರು. ಕಾಗದವಿಲ್ಲದಿದ್ದದ್ದು ಅಪ್ಪ ಅಮ್ಮನಿಗೆ. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು, ಆದರೆ ಅಷ್ಟರೊಳಗೆ ಆಗುವುದು ಆಗಿಹೋಗಿತ್ತು. ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಲ್ಲಿ ವಲಸೆ ಅಧಿಕಾರಿಗಳು ನಡೆಸುವ ಬಂಧನಗಳಿಗೆ ಕಡಿವಾಣ ಹಾಕಿದ್ದ ಮಾರ್ಗಸೂಚಿಯನ್ನು 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿದೆ. ಇಂಥ ಕಾಲದಲ್ಲಿ ಶಾಲೆಯ ಅರ್ಜಿಯಲ್ಲಿ ಈ ಒಂದು ಪ್ರಶ್ನೆಯನ್ನು ಸೇರಿಸಿದರೆ ಅದನ್ನು ಯಾರು ಲೆಕ್ಕಕ್ಕೆಂದು ನಂಬುತ್ತಾರೆ?

ಕಳೆದ ಆಗಸ್ಟಿನಲ್ಲಿ ನಾನು ಶಾಲೆಯ ದಾಖಲಾತಿ ಮೇಜಿನಲ್ಲಿ ಸ್ವಯಂಸೇವೆಗೆ ಕೂತಿದ್ದೆ. ಫಾರಂ ಜೋಡಿಸಿ ಪಿನ್ ಹೊಡೆಯುವುದಷ್ಟೇ ನನ್ನ ಕೆಲಸ. ಒಬ್ಬ ತಾಯಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಮಗುವಿನ ಜನನ ಪತ್ರ, ಲಸಿಕೆ ಹಾಕಿಸಿದ ಕಾರ್ಡು, ನಾಲ್ಕು ಮಡಿಕೆ ಮಾಡಿದ ಕರೆಂಟ್ ಬಿಲ್ಲು. ಗುಮಾಸ್ತೆ ನೋಡಿ, ಪ್ರತಿ ತೆಗೆದು, ಇಷ್ಟೇ ಸಾಕು ಎಂದರು. ಆ ತಾಯಿ ಕದಲಲಿಲ್ಲ. ಮುಂದಿನ ಪ್ರಶ್ನೆ ಬರುತ್ತದೆಂದು ಕಾಯುತ್ತಿದ್ದರು. ಗುಮಾಸ್ತೆ ಇನ್ನೊಮ್ಮೆ, ನಿಧಾನವಾಗಿ, ಮುಗಿಯಿತಮ್ಮ ಎಂಬರ್ಥದಲ್ಲಿ ಕೈಯಾಡಿಸಿ ಹೇಳಿದ ಮೇಲೆ ಚೀಲದ ಜಿಪ್ ಎಳೆದುಕೊಂಡು ಹೊರಟರು. ಅವರ ಬಳಿ ಯಾವ ಕಾಗದ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಆ ಮೇಜಿಗಿಲ್ಲ.

ಇನ್ನು ತೆರಿಗೆಯ ಮಾತು. ತರಗತಿಗಳು ಕಿಕ್ಕಿರಿದಿವೆ, ಎರಡು ಭಾಷೆಯಲ್ಲಿ ಕಲಿಸುವ ಶಿಕ್ಷಕರು ಸಿಗುತ್ತಿಲ್ಲ, ಅದಕ್ಕೆಲ್ಲ ಖರ್ಚಿದೆ. ಇದು ನಿಜ, ಸುಳ್ಳೆನ್ನುವುದಿಲ್ಲ. ಆದರೆ ಇಲ್ಲಿನ ಶಾಲೆಗಳಿಗೆ ಹಣದ ಒಂದು ದೊಡ್ಡ ಪಾಲು ಮನೆಗಳ ಆಸ್ತಿ ತೆರಿಗೆಯಿಂದ ಬರುತ್ತದೆ, ಬಾಡಿಗೆಗೆ ಇರುವವರೂ ಅದನ್ನು ಬಾಡಿಗೆಯಲ್ಲಿ ಸೇರಿಸಿಯೇ ಕಟ್ಟುತ್ತಾರೆ; ಮನೆ ಮಾಲೀಕರೇನು ಧರ್ಮಕ್ಕೆ ಇಟ್ಟುಕೊಂಡಿರುತ್ತಾರೆಯೇ? ಮೇಲಾಗಿ ಟೆಕ್ಸಸ್ ಸರ್ಕಾರ ಶಾಲೆಗೆ ಹಣ ಕೊಡುವುದು ಸರಾಸರಿ ದಿನದ ಹಾಜರಿಯ ಮೇಲೆ. ಹೆದರಿ ಮನೆಯಲ್ಲಿ ಕೂತ ಮಗುವಿನ ಪಾಲು ಕಡಿತವಾದರೆ ನಷ್ಟ ಪಕ್ಕದ ಬೆಂಚಿನಲ್ಲಿ ಕೂತಿರುವ, ಎಲ್ಲ ಕಾಗದವೂ ಸರಿಯಿರುವ ನಮ್ಮ ಮಕ್ಕಳಿಗೇ. ಸರದಿಯ ವಿಷಯಕ್ಕೆ ಬಂದರೆ, ಹೆಚ್ಚು ತರಬೇತಿ ಬೇಡದ ಕೆಲಸ ಮಾಡುವವರಿಗೆಂದು ಇಡೀ ಜಗತ್ತಿಗೆ ಸೇರಿ ಮೀಸಲಾದ ಗ್ರೀನ್ ಕಾರ್ಡು (ಕಾಯಂ ವಾಸದ ಪರವಾನಗಿ) ವರ್ಷಕ್ಕೆ ಹೆಚ್ಚೆಂದರೆ 10,000. ಅವರ ಪಾಲಿಗೆ ಸರದಿಯೇ ಇಲ್ಲದಂತೆ ಮಾಡಿಟ್ಟು, ಸರದಿ ತಪ್ಪಿಸಿದರೆಂದು ಬೈಯುವುದು ನಮಗೆ ಸುಲಭ.

ಇಷ್ಟು ಹೇಳಿದ ಮೇಲೆ ಒಂದನ್ನು ಮುಚ್ಚಿಡಬಾರದು. 2015ರಿಂದ ಗ್ರೀನ್ ಕಾರ್ಡಿನ ಸರದಿಯಲ್ಲಿರುವ ನಾನೂ ಹಿಂದೊಮ್ಮೆ ಆ ಮೈಕಿನ ಮುಂದಿನ ಮನುಷ್ಯನ ಹಾಗೆಯೇ ಯೋಚಿಸುತ್ತಿದ್ದೆ. 2023ರಲ್ಲಿ ನನ್ನ ಕೆಲಸ ಹೋಯಿತು. ನಿಮ್ಮಲ್ಲಿ ಹೆಚ್ಚಿನವರಿಗೆ ನಾನದನ್ನು ಹೇಳಿರಲಿಲ್ಲ. ಎಚ್‌1ಬಿಯವರಿಗೆ ಕೆಲಸ ಹೋದರೆ ಬೇರೆ ಕೆಲಸ ಹಿಡಿಯಲು ಸಿಗುವ ಗಡುವು ಹೆಚ್ಚೆಂದರೆ 60 ದಿನ, ಹೆಂಡತಿ ಮಕ್ಕಳ ಎಚ್4 ವೀಸಾ ಕೂಡ ಅದಕ್ಕೇ ಕಟ್ಟಿಕೊಂಡಿರುತ್ತದೆ. ಹೊಸ ಕಂಪನಿ ನನ್ನ ವೀಸಾಕ್ಕೆ ಅರ್ಜಿ ಸಲ್ಲಿಸಿದ್ದು 52ನೆಯ ದಿನ. ಆ ದಿನಗಳಲ್ಲಿ ಬೆಳಿಗ್ಗೆ ಮಗಳನ್ನು ಶಾಲೆಯ ಬಾಗಿಲಲ್ಲಿ ಇಳಿಸಿ, ಅವಳು ಬೆನ್ನಿಗೆ ಚೀಲ ಹಾಕಿಕೊಂಡು ಓಡುವುದನ್ನು ನೋಡುತ್ತ, 61ನೆಯ ದಿನ ಬಂದರೆ ಇವಳೂ ಕಾಗದವಿಲ್ಲದವಳಾಗುತ್ತಾಳಲ್ಲ ಎಂದು ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದೆ. ಶಾಲೆಯವರು ನನ್ನನ್ನು ಏನೂ ಕೇಳಲಿಲ್ಲ. ಅವಳು ಗುಣಾಕಾರ ಕಲಿಯುತ್ತಿದ್ದಳು, ಕಲಿತಳು.

ಸಭೆಯಲ್ಲಿ ಇದನ್ನು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ವೀಸಾದ ಮೇಲಿರುವವನು ಸಾರ್ವಜನಿಕವಾಗಿ ಬಾಯಿ ಬಿಟ್ಟರೆ ಎಲ್ಲಿ ಏನಾಗುತ್ತದೋ ಎಂದು ಹೆದರಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಾರ್ಕಿಂಗಿನಲ್ಲಿ ಆ ಮನುಷ್ಯರೇ ಸಿಕ್ಕಿ, ಹೇಗಿತ್ತು ಸಾರ್ ನನ್ನ ಮಾತು ಎಂದು ನಗುತ್ತ ಕೇಳಿದರು. ಮೈಕ್ ಸರಿಯಾಗಿ ಕೇಳಿಸಲಿಲ್ಲ ಎಂದೆ. ಮುಂದಿನ ತಿಂಗಳ ಸಭೆಗೆ ಹೆಸರು ಬರೆಸುತ್ತೇನೆ. ಇಲ್ಲಿ ಇಷ್ಟುದ್ದ ಕೊರೆದದ್ದನ್ನು ಮೂರು ನಿಮಿಷದ ಇಂಗ್ಲಿಷಿಗೆ ಇಳಿಸುವುದು ಹೇಗೆಂದು ಯಾರಿಗಾದರೂ ತೋಚಿದರೆ ತಿಳಿಸಿ.